ಎಡ ಹೆಬ್ಬೆಟ್ಟು

ದುರ್ಗದ ತಾಲ್ಲೂಕು ಕಚೇರಿ, ರೆಕಾರ್ಡ್ ರೂಮು.
ನಾನು ಬರುತ್ತಿರುವುದು ಇದು ಮೂರನೆಯ ಸೋಮವಾರ.
ತಿಪ್ಪೇರುದ್ರಪ್ಪ ಮಂಡಕ್ಕಿ ಪೊಟ್ಟಣ ಪಕ್ಕಕ್ಕಿಟ್ಟು
ಕೆಂಪು ಬಟ್ಟೆಯ ಗಂಟು ಬಿಚ್ಚಿದರು,
ನೂರು ವರ್ಷದ ಧೂಳಿಗೆ ಒಂದೇ ಸಲ ಸೀನಿದರು.
"ಹೆಸರೇನಂದ್ರಿ?"

ಬುಡೇನ್ ಸಾಬ್. ನಾಲ್‌ಬಂದ್ ಬುಡೇನ್ ಸಾಬ್.
ಕುದುರೆಪಡೆಯಲ್ಲಿ ಲಾಳ ಕಟ್ಟುತ್ತಿದ್ದವನು.
ಈಟಿ ಹಿಡಿದವನಲ್ಲ; ಹಿಡಿದವರ ಕುದುರೆಗಳ
ಕಾಲು ಹಿಡಿದವನು.

ಒಂದು ಪುಸ್ತಕದಲ್ಲಿ ಅವನು ಬೂದನ ಸಾಬಿ,
ಆಕಾರಬಂದಿನಲ್ಲಿ ಬುಡ್ಡನ ಸಾಹೇಬ,
ಅರವತ್ತೆಂಟರ ಪಹಣಿಗೆ ಬರುವಷ್ಟರಲ್ಲಿ
ಹಣೆಗೆ ಬೂದಿ ಬಳಿದುಕೊಂಡವನ ಹಾಗೆ ಬರೀ ಬೂದಣ್ಣ.
ಸರ್ವೆ ನಂಬರು ನೂರಾ ಹದಿನೆಂಟು, ತುರುವನೂರು ಹೋಬಳಿ,
ನಾಲ್ಕು ಎಕರೆ ಹನ್ನೆರಡು ಗುಂಟೆ ಖುಷ್ಕಿ,
ಯುದ್ಧಸೇವೆಗಾಗಿ.
ಅದರಲ್ಲಿ ಮೂರೆಕರೆ ಖರಾಬು: ಬಂಡೆ.
ಲಾಳವೂ ಜಾರುವ ನೆಲ.
ಆ ಕಲ್ಲಿಗೇ ನಮ್ಮಣ್ಣ ಈಗ ದಾವೆ ಹೂಡುತ್ತಾನಂತೆ;
ಅದರ ನೆತ್ತಿಯ ಮೇಲೆ ಗಾಳಿಯಂತ್ರ ತಿರುಗುತ್ತಿದೆ,
ಗಾಳಿಗೂ ಬಾಡಿಗೆ ಬರುತ್ತದೆಂದು ಯಾರೋ ಹೇಳಿದ್ದಾರೆ.

ನನಗೆ ಬೇಕಿದ್ದದ್ದು ಮುಖ.
ಮನೆಯಲ್ಲಿ ಅವನ ಫೋಟೋ ಇಲ್ಲ.
ಇದ್ದದ್ದು ಅಜ್ಜಿ ದಖನಿಯಲ್ಲಿ ಹೇಳುತ್ತಿದ್ದ ಒಂದು ಮಾತು:
ಅವನಿಗಿಂತ ಮೊದಲು ಹೊಸ್ತಿಲು ದಾಟಿ
ಸುಟ್ಟ ಗೊರಸಿನ ವಾಸನೆ ಒಳಗೆ ಬರುತ್ತಿತ್ತಂತೆ.

ಖಜಾನೆಯ ಪಿಂಚಣಿ ಪುಸ್ತಕ, ಪುಟ ಅರವತ್ತೊಂದು.
ಎತ್ತರ ಐದಡಿ ನಾಲ್ಕಂಗುಲ. ಎಣ್ಣೆಗಪ್ಪು ಬಣ್ಣ.
ಬಲಗಿವಿಯ ಹಿಂದೆ ಮಚ್ಚೆ.
ಎಡ ಹೆಬ್ಬೆರಳಿನಲ್ಲಿ ಓರೆಗಾಯದ ಗುರುತು.
ಇಷ್ಟೇ. ಕಳ್ಳರ ಚಹರೆಯನ್ನೂ ಹೀಗೇ ಬರೆಯುತ್ತಾರೆ.

ಬಲಗೈ ಸುತ್ತಿಗೆಯದು, ಎಡಗೈ ಮೊಳೆ ಹಿಡಿಯುವ ಕೈ.
ಯಾವ ದೇಶದ ಮರಳಲ್ಲಿ ಯಾವ ಕುದುರೆ
ಬೆದರಿ ಕಾಲೆಳೆದುಕೊಂಡಿತೋ,
ಆ ಗಾಯ ಆರು ತಿಂಗಳಿಗೊಮ್ಮೆ
ನೇರಳೆ ಮಸಿಯ ನಡುವೆ ಬಿಳಿ ಗೆರೆಯಾಗಿ ಮೂಡಿದೆ:
ಇಪ್ಪತ್ತೊಂದು, ಇಪ್ಪತ್ತೆರಡು, ಹಾಗೇ ಇಪ್ಪತ್ತಾರು.
ಪಕ್ಕದಲ್ಲಿ ಶಾನುಭೋಗ ಶೇಷಗಿರಿಯಪ್ಪನ ಷರಾ:
ಜೀವಂತ.

ಇಪ್ಪತ್ತೇಳರ ಅಕ್ಟೋಬರಿನಿಂದ ಗೆರೆಯಿಲ್ಲ.
ಹೆಬ್ಬೆಟ್ಟು ಸಣ್ಣದಾಗಿದೆ. ಸುಳಿ ಬೇರೆ.
ಒಂದು ಕಡೆ ಮಸಿಯ ಅಂಚಿಗೆ ಹಳದಿ,
ಅರಿಸಿನವೋ, ಹಳೆ ಕಾಗದದ್ದೋ.

ಖಬರಸ್ತಾನದ ಕಲ್ಲಿನ ಮೇಲೆ
ಹಿಜರಿ ಸಾವಿರದ ಮುನ್ನೂರ ನಲವತ್ತೈದು.
ಕೂಡಿ ಕಳೆದು ಎರಡು ಸಲ ನೋಡಿದ್ದೇನೆ:
ಆ ಅಕ್ಟೋಬರಿನಲ್ಲಿ ಬುಡೇನ್ ಸಾಬ್
ಆಗಲೇ ಆ ಕಲ್ಲಿನಡಿ ಮಲಗಿದ್ದ.

ಪೀರಾಂಬಿ, ನನ್ನ ಮುತ್ತಜ್ಜಿ.
ನಾಲ್ಕು ಮಕ್ಕಳು. ಅರ್ಧ ವರ್ಷಕ್ಕೆ ಇಪ್ಪತ್ತನಾಲ್ಕು ರೂಪಾಯಿ.
ಅದರಲ್ಲಿ ನಾಲ್ಕು ಶೇಷಗಿರಿಯಪ್ಪನಿಗೆ ಹೋಯಿತೋ,
ಸೇರು ತುಪ್ಪ ಹೋಯಿತೋ, ಏನೂ ಹೋಗಲಿಲ್ಲವೋ,
ಆ ಕಾಲಂ ಪುಸ್ತಕದಲ್ಲಿಲ್ಲ.
ಮೂವತ್ತೊಂದರ ತನಕ ಒಂಬತ್ತು ಸಲ
ಅವಳು ಒತ್ತಿದಳು, ಅವನು ಬರೆದ.
ಕೊನೆಯದರಲ್ಲಿ 'ಜೀ'ಗೆ ದೀರ್ಘ ಬಿಟ್ಟುಹೋಗಿದೆ.
ಆತುರವಿರಬೇಕು. ಅಥವಾ ಬಾಗಿಲಲ್ಲಿ ಅಮಲ್ದಾರ.

ಅಣ್ಣ ಹೇಳಿ ಕಳಿಸಿದ್ದ: ಸಿಕ್ಕಿದ್ದಕ್ಕೆಲ್ಲ
ದೃಢೀಕೃತ ನಕಲು ತಾ, ವಕೀಲರು ಎಲ್ಲಾ ಕೇಳುತ್ತಾರೆ.
ತೊಂಬತ್ತು ವರ್ಷದ ಮೇಲೆ ಯಾರು ಬಂದು ವಸೂಲು ಮಾಡುತ್ತಾರೆ
ಇನ್ನೂರ ಹದಿನಾರು ರೂಪಾಯಿ?
ಆದರೂ.

"ಸಿಕ್ತೇನ್ರೀ?"
"ಜಮೀನಿಂದು ಸಿಕ್ತು. ಪಿಂಚಣೀದು ಸಿಗಲಿಲ್ಲ."

ಎದುರಿಗೆ ಕೂತು, ಅಷ್ಟು ಹೊತ್ತೂ
ಅದೇ ಪುಟವನ್ನು ತಲೆಕೆಳಗಾಗಿ ಓದುತ್ತಿದ್ದವರು
ಕನ್ನಡಕ ತೆಗೆದು ಒರೆಸಿಕೊಂಡರು.
"ಗೆದ್ದಲು ತಿಂದಿರ್ಬೇಕು ಬಿಡ್ರಮ್ಮ" ಎಂದು
ಪುಸ್ತಕ ಮುಚ್ಚಿ, ಕೆಂಪು ಬಟ್ಟೆ ಸುತ್ತಿ,
ಗಂಟನ್ನು ಎರಡು ಸಲ ಬಿಗಿದು,
ಮಂಡಕ್ಕಿ ಪೊಟ್ಟಣ ನನ್ನ ಕಡೆ ಸರಿಸಿದರು.